ಹಿಮಗಾಲದ ಊಟವೂ ಕ್ರಿಸ್ಮಸ್ ಹಬ್ಬವೂ: ಮೊಂಬೆಲ್ಯಾರ್ ಎಂಬ ಊರಿನಿಂದ ಒಂದು ಪಾಠ



ಹಬ್ಬವು ಸಮೀಪಿಸುವಾಗ ಅನೇಕ ಮನೆಗಳಲ್ಲಿ ಸಂತೋಷದ ಸಂಗಡ ಒಂದು ಚಿಂತೆಯೂ ಒಳಗೆ ಬರುತ್ತದೆ. ಖರ್ಚಿಗೆ ಏನು ಮಾಡೋಣ? ಸಾಲ ತರದಿದ್ದರೆ ನೆಂಟರ ಮುಂದೆ ಮರ್ಯಾದೆ ಉಳಿಯುವದೋ? ಎಂದು ಮನೆಯ ಯಜಮಾನನು ರಾತ್ರಿಯಲ್ಲಿ ನಿದ್ರೆಗೆಡುತ್ತಾನೆ. ಇಂಥವರು ಫ್ರಾನ್ಸ್ ದೇಶದ ಒಂದು ಚಿಕ್ಕ ಪಟ್ಟಣದ ವೃತ್ತಾಂತವನ್ನು ಕೇಳುವದು ಒಳ್ಳೇದು. ಯಾಕಂದರೆ ಅಲ್ಲಿ ಹಬ್ಬದ ಊಟವೆಂದು ಹೆಸರುಗೊಂಡಿರುವ ಪದಾರ್ಥಗಳು ಐಶ್ವರ್ಯದಿಂದ ಹುಟ್ಟಿದವುಗಳಲ್ಲ. ಚಳಿಯಿಂದಲೂ ಕೊರತೆಯಿಂದಲೂ ಹುಟ್ಟಿದವುಗಳಾಗಿವೆ.

೧. ಊರು

ಫ್ರಾನ್ಸಿನ ಪೂರ್ವದಿಕ್ಕಿನಲ್ಲಿ, ಸ್ವಿಟ್ಜರ್ಲೆಂಡಿನ ಗಡಿಗೆ ಹತ್ತಿರವಾಗಿ, ವೋಜ್ ಮತ್ತು ಜೂರಾ ಎಂಬ ಪರ್ವತಗಳ ನಡುವೆ ಮೊಂಬೆಲ್ಯಾರ್ ಪಟ್ಟಣವಿದೆ. ಅದರ ಜನಸಂಖ್ಯೆಯು ಸುಮಾರು ೨೫,೦೦೦. ಎತ್ತರವಾದ ಬಂಡೆಯ ಮೇಲೆ ಹಳೆಯ ಕೋಟೆಯೂ ಅದರ ಕೆಳಗೆ ಪೇಟೆಯೂ ಇವೆ. ೧೩೯೭ರಲ್ಲಿ ಈ ಸೀಮೆಗೆ ಬಾಧ್ಯಳಾದ ಹೆನ್ರಿಯೆಟ್ ಎಂಬ ಬಾಲೆಯನ್ನು ಜರ್ಮನಿಯ ವುರ್ಟೆಂಬೆರ್ಗ್ ಪ್ರಭುವಿನ ಮಗನಿಗೆ ನಿಶ್ಚಯಿಸಿದರು. ಹೀಗೆ ಸೀಮೆಯು ವುರ್ಟೆಂಬೆರ್ಗ್ ಮನೆತನದ ಕೈಗೆ ಬಂದು, ೧೭೯೩ರಲ್ಲಿ ಫ್ರಾನ್ಸಿಗೆ ಸೇರುವ ತನಕ ಅವರ ಆಳಿಕೆಯಲ್ಲಿತ್ತು.

೧೫೨೪ರಲ್ಲಿ ಗಿಯೋಮ್ ಫಾರೆಲ್ ಎಂಬ ಬೋಧಕರು ಇಲ್ಲಿ ಸುವಾರ್ತೆಯನ್ನು ಸಾರಿದರು. ೧೫೩೫ರಲ್ಲಿ ಬಂದ ಪಿಯೇರ್ ತೂಸೇನ್ ಎಂಬವರು ಮತಸುಧಾರಣೆಯನ್ನು ನೆಲೆಗೊಳಿಸಿದರು. ಫ್ರಾನ್ಸಿನ ಅರಸರು ತಮ್ಮ ರಾಜ್ಯದಲ್ಲಿ ಪ್ರೊಟೆಸ್ಟಂಟರನ್ನು ಹಿಂಸಿಸುತ್ತಿದ್ದ ಕಾಲದಲ್ಲಿಯೂ, ಫ್ರೆಂಚ್ ಮಾತಾಡುವ ಈ ಊರು ಲೂಥರನ ಬೋಧನೆಯನ್ನು ಬಿಡದೆ ಹಿಡಿದುಕೊಂಡಿತು. ೧೬೦೧ರಿಂದ ೧೬೦೭ರ ವರೆಗೆ ಶಿಕ್‌ಹಾರ್ಟ್ ಎಂಬ ಶಿಲ್ಪಿಯು ಕಟ್ಟಿದ ಸಂತ ಮಾರ್ಟಿನನ ದೇವಾಲಯವು ಪೇಟೆಯ ಮಧ್ಯದಲ್ಲಿ ಇಂದಿಗೂ ನಿಂತಿದೆ.

ಈ ಊರು ನಮಗೆ ಪೂರಾ ಪರಕೀಯವೂ ಅಲ್ಲ. ೧೮೩೬ರಲ್ಲಿ ಮಂಗಳೂರಿಗೆ ಬಂದು, ೧೮೪೩ರಲ್ಲಿ ಕನ್ನಡದ ಮೊದಲನೆಯ ವರ್ತಮಾನಪತ್ರಿಕೆಯನ್ನು ಹೊರಡಿಸಿದ ಹೆರ್ಮನ್ ಮೋಗ್ಲಿಂಗರು ಹುಟ್ಟಿದ್ದು ಅದೇ ವುರ್ಟೆಂಬೆರ್ಗ್ ಸೀಮೆಯಲ್ಲಿ.

೨. ಹೊಗೆಯಲ್ಲಿ ಕಾದಿಟ್ಟ ಮಾಂಸ

ಅಲ್ಲಿಯ ಚಳಿಗಾಲವು ಕಠಿಣವಾದದ್ದು. ಹಿಮವು ಬಿದ್ದು ಹೊಲಗಳು ಮುಚ್ಚಿಹೋಗುತ್ತವೆ. ದನಗಳಿಗೆ ಹಸುರು ಮೇವು ದೊರೆಯದು. ಆದಕಾರಣ ಹಿಂದಿನ ಕಾಲದ ರೈತನು ವರುಷವೆಲ್ಲಾ ಸಾಕಿದ ಹಂದಿಯನ್ನು ಚಳಿಗಾಲದಲ್ಲಿ ಕೊಯ್ದು, ಅದರ ಮಾಂಸವನ್ನು ಮುಂದಿನ ತಿಂಗಳುಗಳಿಗೆ ಕಾದಿಡಬೇಕಾಗಿತ್ತು. ಉಪ್ಪು ಮತ್ತು ಹೊಗೆ, ಇವೆರಡೇ ಅವನಿಗಿದ್ದ ಉಪಾಯಗಳು. ಉಪ್ಪು ಮಾಂಸದ ನೀರನ್ನು ಹೀರುತ್ತದೆ; ಹೊಗೆ ಅದನ್ನು ಒಣಗಿಸಿ, ಕೆಡದಂತೆ ಕಾಯುತ್ತದೆ.

ಮೊಂಬೆಲ್ಯಾರಿನ ಹೆಸರನ್ನು ಹೊತ್ತ ಸಾಸೇಜು ಹೀಗೆ ಹುಟ್ಟಿತು. ಕೊಚ್ಚಿದ ಹಂದಿಯ ಮಾಂಸಕ್ಕೆ ಉಪ್ಪು, ಮೆಣಸು, ಬೆಳ್ಳುಳ್ಳಿ, ಜೀರಿಗೆ ಅಥವಾ ಶಾಜೀರಿಗೆಯನ್ನು ಬೆರಸಿ, ಶುದ್ಧಮಾಡಿದ ಕರುಳಿನೊಳಗೆ ತುಂಬುತ್ತಾರೆ. ತರುವಾಯ ದೇವದಾರುವಿನ ಜಾತಿಗೆ ಸೇರಿದ ಅಂಟುಳ್ಳ ಮರಗಳ ಹೊಗೆಯಲ್ಲಿ ಅದನ್ನು ತೂಗಹಾಕುತ್ತಾರೆ. ಬೇಯಿಸುವಾಗ ಅದನ್ನು ಚುಚ್ಚಬಾರದು, ನೀರನ್ನು ಕೊತಕೊತನೆ ಕುದಿಸಲೂಬಾರದು; ಮಂದವಾದ ಉರಿಯಲ್ಲಿಟ್ಟರೆ ಅದರ ರಸವು ಒಳಗೇ ಉಳಿಯುತ್ತದೆ. ಬೇಯಿಸಿದ ಆಲೂಗಡ್ಡೆಯ ಸಂಗಡ ಇದನ್ನು ತಿನ್ನುವರು. ಬಡವನು ಹಿಮಗಾಲವನ್ನು ಕಳೆಯುವದಕ್ಕಾಗಿ ಮಾಡಿದ ಈ ಪದಾರ್ಥದ ಹೆಸರನ್ನು ಬೇರೆ ಊರಿನವರು ಸುಮ್ಮನೆ ಉಪಯೋಗಿಸದಂತೆ, ೨೦೧೩ರಲ್ಲಿ ಐರೋಪ್ಯ ಒಕ್ಕೂಟವು ಅದಕ್ಕೆ ಕಾನೂನಿನ ರಕ್ಷಣೆಯನ್ನು ಕೊಟ್ಟಿತು.

ಇನ್ನೊಂದು ಸಂಗತಿಯನ್ನು ಗಮನಿಸಿರಿ. ಹಂದಿಯನ್ನು ಕೊಯ್ದ ದಿನ ಎಲ್ಲಾ ಮಾಂಸವನ್ನೂ ಕಾದಿಡಲಾಗುವದಿಲ್ಲ. ಕೆಲವು ಭಾಗಗಳನ್ನು ಕೂಡಲೇ ತಿಂದುಬಿಡಬೇಕು. ಆದದರಿಂದ ಅವುಗಳಲ್ಲಿ ಒಂದು ಪಾಲನ್ನು ನೆರೆಯವರ ಮನೆಗಳಿಗೆ ಕಳುಹಿಸುವದು ಫ್ರಾನ್ಸಿನ ಹಳ್ಳಿಗಳಲ್ಲಿ ವಾಡಿಕೆಯಾಗಿತ್ತು. ನೆರೆಯವನು ತನ್ನ ಹಂದಿಯನ್ನು ಕೊಯ್ದಾಗ ಅದರಂತೆಯೇ ಇವನಿಗೂ ಕಳುಹಿಸುವನು. ಹೀಗೆ ಒಂದು ಮನೆಯಲ್ಲಿ ಕೆಟ್ಟುಹೋಗಬಹುದಾದ ಮಾಂಸವು ಹಲವು ಮನೆಗಳ ಹಸಿವನ್ನು ತೀರಿಸುತ್ತಿತ್ತು.

೩. ಕೆನೆ ತೆಗೆದ ಹಾಲು

ಬೆಣ್ಣೆಗಾಗಿ ಕೆನೆಯನ್ನು ತೆಗೆದ ಮೇಲೆ ಉಳಿಯುವ ಹಾಲನ್ನು ಅಲ್ಲಿಯ ಗೃಹಿಣಿಯರು ಚೆಲ್ಲಲಿಲ್ಲ. ಅದನ್ನು ಒಡೆಸಿ, ನೀರನ್ನು ಹಿಂಡಿ, ಗಟ್ಟಿಯನ್ನು ಪುಡಿಮಾಡಿ, ಬೆಚ್ಚಗಿನ ಸ್ಥಳದಲ್ಲಿಟ್ಟು ಹಣ್ಣಾಗಿಸಿದರು. ಇದಕ್ಕೆ ಮೆತ್ತೋನ್ ಎಂದು ಹೆಸರು. ಇದನ್ನು ಸ್ವಲ್ಪ ನೀರು, ಉಪ್ಪು, ಬೆಣ್ಣೆಗಳ ಸಂಗಡ ಒಲೆಯ ಮೇಲೆ ಕರಗಿಸಿದರೆ ಜೇನಿನಂತೆ ಹರಿಯುವ ಗಿಣ್ಣವಾಗುತ್ತದೆ. ಕಂಕ್ವಾಯೊತ್ ಎಂಬುದು ಅದರ ಹೆಸರು. ಕೆಲವರು ಬೆಳ್ಳುಳ್ಳಿಯನ್ನೂ ಹಾಕುವರು. ಚಳಿಯ ರಾತ್ರಿಯಲ್ಲಿ ಬಿಸಿಯಾದ ಆಲೂಗಡ್ಡೆಯ ಮೇಲೆ ಇದನ್ನು ಸುರಿದುಕೊಂಡು ತಿನ್ನುವದು ಆ ಸೀಮೆಯವರಿಗೆ ಬಹು ಪ್ರಿಯ. ಅವರ ಹಬ್ಬದ ಸಿಹಿಯೂ ಇಂಥದ್ದೇ. “ಮನೆಯ ರೊಟ್ಟಿ” ಎಂಬರ್ಥದ ಹೆಸರುಳ್ಳ ಒಂದು ಸಿಹಿರೊಟ್ಟಿಯನ್ನು, ಹುದುಗಿಸಿದ ಹಿಟ್ಟಿನ ಮೇಲೆ ಮೊಟ್ಟೆ, ಕೆನೆ, ಸಕ್ಕರೆಗಳ ಮಿಶ್ರಣವನ್ನು ಹೊಯ್ದು ಸುಡುತ್ತಾರೆ. ಅದರಲ್ಲಿ ಸಕ್ಕರೆಯ ಹೊರತು ಬೇರೆ ಎಲ್ಲವೂ ರೈತನ ಮನೆಯಲ್ಲಿ ದೊರೆಯುವಂಥವುಗಳೇ.

೪. ಓಡಿಸಲ್ಪಟ್ಟವರ ಹಸುಗಳು

ಈ ಹಾಲನ್ನು ಕೊಡುವ ಕೆಂಪು ಬಿಳಿ ಮಚ್ಚೆಯ ಹಸುಗಳ ಕಥೆಯನ್ನೂ ಕೇಳಿರಿ. ಸ್ವಿಟ್ಜರ್ಲೆಂಡಿನಲ್ಲಿ ಮೆನ್ನೊನೈಟರೆಂಬ ಕ್ರೈಸ್ತರು ಶಿಶುಸ್ನಾನವನ್ನೂ ಆಯುಧ ಹಿಡಿಯುವದನ್ನೂ ಒಪ್ಪದೆ ಇದ್ದದರಿಂದ ಊರುಬಿಟ್ಟು ಓಡಬೇಕಾಯಿತು. ಅವರು ಅಲ್ಸಾಸ್ ಸೀಮೆಯಲ್ಲಿ ನೆಲೆಗೊಂಡರು. ೧೭೧೨ರಲ್ಲಿ ಫ್ರಾನ್ಸಿನ ಅರಸನಾದ ಹದಿನಾಲ್ಕನೆಯ ಲೂಯಿಯು ಅಲ್ಲಿಂದಲೂ ಹೊರಗೆ ಹಾಕಿಸಿದನು. ಮೊಂಬೆಲ್ಯಾರಿನ ಪ್ರಭುವು ಅವರಿಗೆ ಗೇಣಿಯ ಮೇಲೆ ಹೊಲಗಳನ್ನು ಕೊಟ್ಟನು. ಅವರು ತಮ್ಮ ಸಂಗಡ ತಂದ ದನಗಳನ್ನು ಶ್ರದ್ಧೆಯಿಂದ ಸಾಕಿ ತಳಿಯನ್ನು ಉತ್ತಮಪಡಿಸಿದರು. ೧೮೭೨ರಲ್ಲಿ ಅವರ ವಂಶಸ್ಥನಾದ ಜೋಸೆಫ್ ಗ್ರಾಬರ್ ಎಂಬವನು ಲಾಂಗ್ರ್ ಎಂಬ ಊರಿನ ಕೃಷಿಪ್ರದರ್ಶನದಲ್ಲಿ ಈ ಹಸುಗಳನ್ನು ಮೊಂಬೆಲ್ಯಾರಿನ ಹೆಸರಿನಿಂದ ತೋರಿಸಿದನು. ೧೮೮೯ರಲ್ಲಿ ಸರಕಾರವು ಆ ತಳಿಯನ್ನು ಅಂಗೀಕರಿಸಿತು. ಎಲ್ಲಿಯೂ ಸ್ಥಳ ದೊರೆಯದವರನ್ನು ಸೇರಿಸಿಕೊಂಡ ಊರು ಅವರ ದನಗಳ ಮೂಲಕ ತನ್ನ ಹೆಸರನ್ನು ಲೋಕದಲ್ಲೆಲ್ಲಾ ಪಡೆಯಿತು.

೫. ಏರಿ ಅತ್ತೆಯೂ ಹಬ್ಬದ ಸಂತೆಯೂ

ಕ್ರಿಸ್ಮಸ್ ಹಬ್ಬದ ಹಿಂದಿನ ಸಂಜೆ ಏರಿ ಅತ್ತೆಯೆಂಬವಳು ಮರಿಯೋನ್ ಎಂಬ ಕತ್ತೆಯ ಸಂಗಡ ಬಂದು ಒಳ್ಳೇ ಮಕ್ಕಳಿಗೆ ಹಣ್ಣು, ಬೀಜ, ಸಿಹಿರೊಟ್ಟಿಗಳನ್ನು ಕೊಡುವಳೆಂದು ಅಲ್ಲಿಯ ಹಿರಿಯರು ಮಕ್ಕಳಿಗೆ ಹೇಳುವರು. ಬಡವರಿಗೆ ದಯೆತೋರಿಸಿದ ಹೆನ್ರಿಯೆಟಳ ನೆನಪೇ ಈ ಕಥೆಯಾಯಿತೆಂದು ಕೆಲವರೂ, ಅದಕ್ಕಿಂತ ಹಳೆಯ ಜನಪದ ಕಥೆಯೆಂದು ಕೆಲವರೂ ಹೇಳುತ್ತಾರೆ. ಇದು ಮಕ್ಕಳ ಕಥೆಯೇ ಹೊರತು ನಂಬಿಕೆಯ ವಿಷಯವಲ್ಲವೆಂದು ದೊಡ್ಡವರೆಲ್ಲರಿಗೂ ಗೊತ್ತು.

ಈಗ ಪ್ರತಿ ವರುಷ ನವೆಂಬರ್ ಕೊನೆಯಿಂದ ಡಿಸೆಂಬರ್ ೨೪ರ ವರೆಗೆ ಸಂತ ಮಾರ್ಟಿನನ ದೇವಾಲಯದ ಸುತ್ತಲೂ ಮರದ ಅಂಗಡಿಗಳ ಸಂತೆಯು ಕೂಡುತ್ತದೆ. ಬೀದಿಗಳಿಗೆ ದೀಪಗಳನ್ನು ಕಟ್ಟುತ್ತಾರೆ. ಸಾಸೇಜು, ಶುಂಠಿ ದಾಲ್ಚಿನ್ನಿಗಳ ಸಿಹಿರೊಟ್ಟಿ, ಸಂಬಾರದ ಬಿಸಿ ದ್ರಾಕ್ಷಾರಸ ಇವುಗಳ ಪರಿಮಳವು ಚೌಕವನ್ನೆಲ್ಲಾ ತುಂಬುತ್ತದೆ. ದೂರದೂರದಿಂದ ಜನರು ಬರುತ್ತಾರೆ. ಆ ಊರಿನಲ್ಲಿ ಈಗ ರೋಮನ್ ಕಥೋಲಿಕರೂ ಮುಸಲ್ಮಾನರೂ ಯಾವ ಮತಕ್ಕೂ ಸೇರದವರೂ ಇದ್ದಾರೆ. ಸಂತೆಗೆ ಬಂದವರೆಲ್ಲರೂ ದೇವಾಲಯದೊಳಗೆ ಹೋಗುತ್ತಾರೆಂದು ಎಣಿಸಬಾರದು. ಕೊಳ್ಳುವದರಲ್ಲಿಯೇ ಹಬ್ಬವನ್ನು ಮುಗಿಸಿಬಿಡುವ ಅಪಾಯವು ಅಲ್ಲಿಯೂ ಇದೆ.

೬. ನಾವು ಕಲಿಯತಕ್ಕದ್ದು

ಮೊದಲನೆಯದು, ಹಬ್ಬದ ಊಟವನ್ನು ಅಲ್ಲಿಯ ಹಿರಿಯರು ಹಬ್ಬದ ಹಿಂದಿನ ದಿನ ಹಣಕೊಟ್ಟು ತರಲಿಲ್ಲ. ತಿಂಗಳುಗಳ ಮುಂಚೆಯೇ ಕೈಯಲ್ಲಿದ್ದದರಿಂದ ಸಿದ್ಧಮಾಡಿದರು. ನಮ್ಮ ಸಭೆಗಳ ಸ್ತ್ರೀಯರು ಅಡಿಗೆಗೆ ಇಕ್ಕುವಾಗ ಹಿಡಿಯಕ್ಕಿಯನ್ನು ತೆಗೆದಿಡುವ ಪದ್ಧತಿಯನ್ನು ಬಲ್ಲರು. ಅದೇ ರೀತಿಯಾಗಿ ಹಬ್ಬಕ್ಕೆಂದು ಬೇರೊಂದು ಗಡಿಗೆಯಲ್ಲಿ ಸ್ವಲ್ಪ ಸ್ವಲ್ಪ ಕೂಡಿಸಿದರೆ ಸಾಹುಕಾರನ ಬಾಗಿಲಿಗೆ ಹೋಗುವ ಅಗತ್ಯವೇನು?

ಎರಡನೆಯದು, ಕೆನೆ ತೆಗೆದ ಹಾಲಿನಿಂದ ಮಾಡಿದ್ದನ್ನು ಅತಿಥಿಯ ಮುಂದಿಡುವದಕ್ಕೆ ಅವರು ನಾಚಲಿಲ್ಲ. ನಮ್ಮ ಮನೆಯ ರಾಗಿಯನ್ನೂ ಬೆಲ್ಲವನ್ನೂ ನಾವು ನಾಚದೆ ಬಡಿಸಬಹುದು. ಪಶುಗಳ ಕೊಟ್ಟಿಗೆಯಲ್ಲಿ ಹುಟ್ಟಿದ ಕರ್ತನ ಹಬ್ಬಕ್ಕೆ ಅದು ಕಡಿಮೆಯಾದ ಊಟವಲ್ಲ.

ಮೂರನೆಯದು, ನೆರೆಯವನ ಪಾಲನ್ನು ಮೊದಲೇ ತೆಗೆದಿಡಬೇಕು. ಊರಿಗೆ ಹೊಸದಾಗಿ ಬಂದ ಕುಟುಂಬವನ್ನೂ, ಸ್ವಜನರಿಂದ ದೂರವಾದವನನ್ನೂ ಆ ಲೆಕ್ಕದಲ್ಲಿ ಸೇರಿಸಿರಿ.

ಮನೆಯಲ್ಲಿ ಕೂಡಿ ಮಾತಾಡತಕ್ಕ ಪ್ರಶ್ನೆಗಳು

(೧) ಮೊಂಬೆಲ್ಯಾರಿನ ರೈತರು ಮಾಂಸವನ್ನು ಹೊಗೆಯಲ್ಲಿಟ್ಟದ್ದು ಯಾಕೆ?
(೨) ಮೆನ್ನೊನೈಟರನ್ನು ಸೇರಿಸಿಕೊಂಡದರಿಂದ ಊರಿಗೆ ಯಾವ ಲಾಭವಾಯಿತು?
(೩) ಕಳೆದ ಹಬ್ಬಕ್ಕೆ ನಮ್ಮ ಮನೆಯಲ್ಲಿ ಸಾಲವಾಯಿತೋ? ಆಗಿದ್ದರೆ ಯಾವ ಖರ್ಚಿಗೆ? ಆ ಖರ್ಚನ್ನು ಈ ಸಾರಿ ಬಿಡಬಹುದೋ?
(೪) ಈ ಹಬ್ಬದಲ್ಲಿ ನಮ್ಮ ಊಟದ ಪಾಲನ್ನು ಯಾರ ಮನೆಗೆ ಕಳುಹಿಸೋಣ?