ಸೋಪು, ಎಣ್ಣೆ, ಚುಚ್ಚುಮದ್ದು ಮತ್ತು ದಂಪತಿಗಳ ಆರೋಗ್ಯ



ಮಣ್ಣನ್ನು ಪರೀಕ್ಷಿಸದೆ ಗೊಬ್ಬರ ಸುರಿದರೆ ಬೆಳೆಗೆ ಕೇಡೆಂಬುದು ನಾವೆಲ್ಲ ಬಲ್ಲ ಮಾತು. ದೇಹದ ವಿಷಯದಲ್ಲಿ ಮಾತ್ರ ಇದನ್ನು ಮರೆತುಬಿಡುತ್ತೇವೆ. ಅಂಗಡಿಯಲ್ಲಿ ಸಿಕ್ಕುವ ಸೋಪು, ಎಣ್ಣೆ, ಶಕ್ತಿಯ ಪುಡಿ ಇವುಗಳನ್ನು ಯಾರನ್ನೂ ಕೇಳದೆ ಬಳಸುತ್ತೇವೆ. ಇವುಗಳಲ್ಲಿ ಕೆಲವು ಗಂಡಹೆಂಡಿರ ಲೈಂಗಿಕ ಆರೋಗ್ಯವನ್ನೂ ಸಂತಾನಶಕ್ತಿಯನ್ನೂ ಕೆಡಿಸಬಲ್ಲವು. ಇದು ನಾಚತಕ್ಕ ವಿಷಯವಲ್ಲ, ತಿಳಿಯತಕ್ಕ ವಿಷಯ.

1. ಸೋಪು ಎಲ್ಲಿಯವರೆಗೆ?

ಪ್ರಾಯದ ಹೆಂಗಸಿನ ಜನನಾಂಗದ ಒಳಭಾಗವು ತನ್ನನ್ನು ತಾನೇ ಶುಚಿಯಾಗಿಟ್ಟುಕೊಳ್ಳುತ್ತದೆ. ಹಾಲನ್ನು ಮೊಸರು ಮಾಡುವ ಸೂಕ್ಷ್ಮಜೀವಿಗಳ ಜಾತಿಯವೇ ಅಲ್ಲಿಯೂ ಇದ್ದು, ಹುಳಿಯನ್ನುಂಟುಮಾಡಿ ರೋಗಾಣುಗಳನ್ನು ತಡೆಯುತ್ತವೆ. ಮಣ್ಣುಪರೀಕ್ಷೆಯ ಚೀಟಿಯಲ್ಲಿ ನೋಡುವ ರಸಸಾರದ ಲೆಕ್ಕದಲ್ಲಿ ಹೇಳುವುದಾದರೆ, ಅಲ್ಲಿನ ರಸಸಾರ 3.8ರಿಂದ 4.5. ಸಾಮಾನ್ಯ ಮೈಸೋಪಿನದು 9ರಿಂದ 10. ಸೋಪನ್ನಾಗಲಿ, ಕ್ರಿಮಿನಾಶಕ ದ್ರವವನ್ನಾಗಲಿ, ಸುಗಂಧದ ನೀರನ್ನಾಗಲಿ ಒಳಗೆ ಹಾಕಿ ತೊಳೆದರೆ ಕಾವಲಿನ ಜೀವಿಗಳು ಸಾಯುತ್ತವೆ. ತುರಿಕೆ, ಉರಿ, ಕೆಟ್ಟ ವಾಸನೆಯ ಬಿಳಿಸೆರಗು ಶುರುವಾಗಬಹುದು. ಹೊರಭಾಗವನ್ನು ಶುದ್ಧ ನೀರಿನಿಂದ ತೊಳೆದರೆ ಸಾಕು. ಇಂಥ ತೊಂದರೆ ಕಂಡರೆ ಇನ್ನಷ್ಟು ತೊಳೆಯಬಾರದು. ಆರೋಗ್ಯ ಕೇಂದ್ರಕ್ಕೆ ಹೋಗಬೇಕು.

2. ಎಣ್ಣೆ ಮತ್ತು ನಿರೋಧ್

1968ರಲ್ಲಿ ನಮ್ಮ ದೇಶದಲ್ಲಿ ಬಳಕೆಗೆ ಬಂದ ನಿರೋಧ್ ರಬ್ಬರ್ ಮರದ ಹಾಲಿನಿಂದ ತಯಾರಾಗುವ ವಸ್ತು. ಇಂಥ ರಬ್ಬರಿಗೆ ಎಣ್ಣೆ ಶತ್ರು. ಕೊಬ್ಬರಿ ಎಣ್ಣೆ, ಹರಳೆಣ್ಣೆ, ವ್ಯಾಸಲೀನ್, ಮೈಗೆ ಹಚ್ಚುವ ಕ್ರೀಮು ತಗಲಿದರೆ ಕೆಲವೇ ನಿಮಿಷಗಳಲ್ಲಿ ಅದು ಬಲಗುಂದಿ ಹರಿಯಬಹುದು. ಆಗ ಬೇಡದ ಬಸಿರೂ ಬರಬಹುದು, ರೋಗವೂ ಅಂಟಬಹುದು. ಜಾರುಗೊಳಿಸುವ ವಸ್ತು ಬೇಕಾದವರು ಔಷಧದಂಗಡಿಯಲ್ಲಿ ಸಿಕ್ಕುವ, ನೀರಿನಲ್ಲಿ ಕರಗುವ ಜೆಲ್ಲಿಯನ್ನು ಮಾತ್ರ ಬಳಸತಕ್ಕದ್ದು.

3. ಮೈ ಬೆಳೆಸುವ ಚುಚ್ಚುಮದ್ದು

ವ್ಯಾಯಾಮ ಒಳ್ಳೆಯದು. ಆದರೆ ಬೇಗ ಮೈಕಟ್ಟು ಬರಲೆಂದು ಕೆಲವು ತರುಣರು ಟೆಸ್ಟೋಸ್ಟಿರಾನ್ ಮುಂತಾದ ಹಾರ್ಮೋನುಗಳ ಚುಚ್ಚುಮದ್ದು, ಗುಳಿಗೆಗಳನ್ನು ಗುಟ್ಟಾಗಿ ಬಳಸುತ್ತಾರೆ. ಗಂಡಸುತನದ ಹಾರ್ಮೋನು ಹೆಚ್ಚಾದರೆ ಗಂಡಸುತನವೂ ಹೆಚ್ಚುವುದೆಂದು ಅವರ ಎಣಿಕೆ. ನಡೆಯುವುದು ಇದಕ್ಕೆ ವಿರುದ್ಧ. ಹೇಗೆಂದರೆ, ಕಾಲುವೆಯಲ್ಲಿ ನೀರು ತುಂಬಿದ್ದನ್ನು ಕಂಡ ನೀರುಗಂಟಿ ಕೆರೆಯ ತೂಬನ್ನು ಮುಚ್ಚುತ್ತಾನಲ್ಲವೇ? ಹಾಗೆಯೇ ಹೊರಗಿನ ಹಾರ್ಮೋನು ರಕ್ತದಲ್ಲಿ ತುಂಬಿದೊಡನೆ, ಮಿದುಳಿನ ಬುಡದಲ್ಲಿರುವ ಪಿಟ್ಯುಟರಿ ಗ್ರಂಥಿಯು ವೃಷಣಗಳಿಗೆ ಕೊಡುತ್ತಿದ್ದ ಅಪ್ಪಣೆಯನ್ನು ನಿಲ್ಲಿಸುತ್ತದೆ. ವೃಷಣಗಳು ಕುಗ್ಗುತ್ತವೆ, ವೀರ್ಯಾಣುಗಳ ಉತ್ಪತ್ತಿ ಇಳಿಯುತ್ತದೆ ಅಥವಾ ನಿಲ್ಲುತ್ತದೆ.

ಈ ಮದ್ದನ್ನು ಗಂಡಸರ ಸಂತಾನನಿರೋಧಕ್ಕೆಂದೇ ವಿಶ್ವ ಆರೋಗ್ಯ ಸಂಸ್ಥೆ ಪರೀಕ್ಷಿಸಿತ್ತು. 1990ರಲ್ಲಿ ಪ್ರಕಟವಾದ ಆ ಪರೀಕ್ಷೆಯಲ್ಲಿ 271 ಆರೋಗ್ಯವಂತ ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಡಲಾಯಿತು. ಅವರಲ್ಲಿ 157 ಮಂದಿಯ ವೀರ್ಯದಲ್ಲಿ ಒಂದು ವೀರ್ಯಾಣುವೂ ಕಾಣದಂತಾಯಿತು. ಬಲಕ್ಕೆಂದು ತರುಣರು ಕೊಳ್ಳುವುದು ಇದನ್ನೇ! ಬಿಟ್ಟಮೇಲೆ ಬಹುಮಂದಿಗೆ ಶಕ್ತಿ ಮರಳುತ್ತದೆ. ಆದರೆ ಅದಕ್ಕೆ ತಿಂಗಳುಗಳೇ ಬೇಕು, ಕೆಲವರಿಗೆ ವರ್ಷಕ್ಕೂ ಮಿಕ್ಕಿ ಬೇಕಾಗುತ್ತದೆ. ಒಂದು ವೀರ್ಯಾಣು ಬೆಳೆಯಲಿಕ್ಕೇ ಸುಮಾರು 74 ದಿನ ಹಿಡಿಯುತ್ತದೆ. ಈ ನಡುವೆ ಆಸೆ ಕುಗ್ಗುವುದೂ ಉಂಟು.

ಹಾಲಿನಿಂದ ತೆಗೆದ ಸಾದಾ ಪ್ರೋಟೀನ್ ಪುಡಿ ಈ ಜಾತಿಯದಲ್ಲ. ಆದರೆ ಚೀಟಿಯಿಲ್ಲದ ಡಬ್ಬಿಯಲ್ಲಿ ಏನಿದೆಯೆಂದು ಬಲ್ಲವರಾರು? ಪೂರಕ ಆಹಾರದಲ್ಲಿ ಹಾರ್ಮೋನು ಬೆರೆಸಕೂಡದೆಂದು 2016ರ ನಿಯಮವಿದೆ. ಡಬ್ಬಿಯ ಮೇಲೆ 14 ಅಂಕಿಗಳ ಆಹಾರ ಪರವಾನಗಿ ಸಂಖ್ಯೆಯನ್ನು ನೋಡಿರಿ. 60 ಕಿಲೋ ತೂಕದವನಿಗೆ ದಿನಕ್ಕೆ ಸುಮಾರು 50 ಗ್ರಾಂ ಪ್ರೋಟೀನ್ ಬೇಕು. 100 ಗ್ರಾಂ ಹುರುಳಿಯಲ್ಲಿ ಸುಮಾರು 22 ಗ್ರಾಂ, ಅಷ್ಟೇ ಕಡಲೆಕಾಯಿ ಬೀಜದಲ್ಲಿ ಸುಮಾರು 25 ಗ್ರಾಂ, ಒಂದು ಮೊಟ್ಟೆಯಲ್ಲಿ 6 ಗ್ರಾಂ ಇದೆ. ನಾವು ಬೆಳೆದದ್ದರಲ್ಲೇ ಬಲವುಂಟು.

4. ಮಾಡತಕ್ಕದ್ದು

ಮಕ್ಕಳಾಗದಿದ್ದರೆ ಸೊಸೆಯನ್ನು ದೂರುವ ವಾಡಿಕೆ ನಮ್ಮಲ್ಲಿ ಇನ್ನೂ ಹೋಗಿಲ್ಲ. ಸುಮಾರು ಅರ್ಧದಷ್ಟು ದಂಪತಿಗಳಲ್ಲಿ ಗಂಡಸಿನ ಕಡೆಯ ಕಾರಣವೂ ಇರುತ್ತದೆ. ಒಂದು ವರ್ಷ ಕೂಡಿ ಬಾಳಿದರೂ ಬಸಿರಾಗದಿದ್ದರೆ ಇಬ್ಬರೂ ಪರೀಕ್ಷೆಗೆ ಹೋಗಬೇಕು; ಹೆಂಡತಿಗೆ 35 ವರ್ಷ ದಾಟಿದ್ದರೆ ಆರು ತಿಂಗಳಿಗೇ ಹೋಗಬೇಕು. ಗಂಡಸಿನ ವೀರ್ಯಪರೀಕ್ಷೆ ಸುಲಭವಾದದ್ದು, ನೋವಿಲ್ಲದ್ದು. ಚುಚ್ಚುಮದ್ದು ತೆಗೆದುಕೊಂಡವರು ವೈದ್ಯರಲ್ಲಿ ಅದನ್ನು ಮುಚ್ಚಿಡಕೂಡದು. ಬೀಜವನ್ನು ನೋಡದೆ ಹೊಲವನ್ನು ಬೈಯುವ ರೈತನುಂಟೇ?