ಗಾಡಿ ಬರುವ ಮೊದಲಿನ ಅರ್ಧ ಗಂಟೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲೂಕುಗಳಲ್ಲಿ ಮನೆಗಳು ಚದುರಿಕೊಂಡಿವೆ. ತೋಟದ ತಲೆಗೊಂದು ಮನೆ, ಬೆಟ್ಟ ಬಳಸಿ ಹೋದರೆ ಇನ್ನೊಂದು. ಅಗ್ನಿಶಾಮಕ ಠಾಣೆಯಿಂದ ಎಷ್ಟೇ ಬೇಗ ಹೊರಟರೂ ಕೆಲವು ಊರು ಮುಟ್ಟಲು ಅರ್ಧ ಗಂಟೆ ದಾಟುತ್ತದೆ. ಅಗ್ನಿಶಾಮಕನಾಗಿ ಸೇರಿ, ಪ್ರಮುಖ ಅಗ್ನಿಶಾಮಕ, ಸಹಾಯಕ ಠಾಣಾಧಿಕಾರಿ, ಠಾಣಾಧಿಕಾರಿ ಎಂದು ಒಂದೊಂದೇ ಮೆಟ್ಟಿಲೇರಿ ನಿವೃತ್ತನಾದೆ. ಈ ನೌಕರಿ ಕಲಿಸಿದ ದೊಡ್ಡ ಪಾಠ ಆ ಅರ್ಧ ಗಂಟೆಯದು.

ಬೆಂಗಳೂರಿನ ತರಬೇತಿಯಲ್ಲಿ ಏಣಿ, ಹಗ್ಗ, ಪೈಪು, ಉಸಿರಾಟದ ಸಾಧನ ಎಲ್ಲವನ್ನೂ ಕೈಗೆ ರೂಢಿಸಿದರು. ನೀರಿನ ಲೆಕ್ಕ ಕಲಿಸಿದ್ದು ಮಲೆನಾಡು. ನಮ್ಮ ಗಾಡಿಯಲ್ಲಿ ಸುಮಾರು 4,500 ಲೀಟರ್ ನೀರು. ಎರಡು ಪೈಪು ಪೂರ್ತಿ ಬಿಟ್ಟರೆ ಐದಾರು ನಿಮಿಷಕ್ಕೆ ಖಾಲಿ. ಮುಂದಿನ ನೀರು ಎಲ್ಲಿದೆ ಎಂಬುದು ಹೊರಡುವ ಮೊದಲೇ ಗೊತ್ತಿರಬೇಕು. ಪ್ರಮುಖ ಅಗ್ನಿಶಾಮಕನಾದ ಮೇಲೆ ಒಂದು ಪುಸ್ತಕ ಇಟ್ಟೆ: ಯಾವ ಹಳ್ಳ ಏಪ್ರಿಲ್‌ನಲ್ಲೂ ಬತ್ತುವುದಿಲ್ಲ, ಯಾವ ಮೋರಿ ಗಾಡಿಯ ಭಾರ ತಾಳುತ್ತದೆ, ಯಾರ ಮನೆಯ ದಣಪೆ ದಾಟಿ ಕೆರೆಯ ಅಂಚಿಗೆ ಹೋಗಬಹುದು. ಉರಿಯುವ ಜಾಗದಲ್ಲಿ ಆ ಪುಸ್ತಕ ಇನ್ನೊಂದು ಗಾಡಿಯಷ್ಟು ಕೆಲಸ ಮಾಡಿತು.

ಬೇಸಿಗೆಯ ಕರೆಗಳಲ್ಲಿ ಸೊಪ್ಪಿನ ಬೆಟ್ಟ, ಬೇಣಗಳ ಬೆಂಕಿಯೇ ಹೆಚ್ಚು. ಅಲ್ಲಿಗೆ ಗಾಡಿ ಹತ್ತುವುದಿಲ್ಲ. ಊರವರು ಹಸಿ ಸೊಪ್ಪಿನ ಟೊಂಗೆ ಹಿಡಿದು ಬಡಿಯುತ್ತಿರುತ್ತಾರೆ. ನಾವು ಅವರ ಜೊತೆ ಸೇರುತ್ತೇವೆ. ಬೆಂಕಿ ಏರಿನತ್ತ ಬೇಗ ಓಡುತ್ತದೆ. ಅದರ ಎದುರು ಮೇಲೆ ನಿಲ್ಲಬಾರದು, ಪಕ್ಕದಿಂದ ಬಡಿಯಬೇಕು. ಮುಂದೆ ಒಂದು ಪಟ್ಟಿಯಷ್ಟು ದರಕು, ಅಂದರೆ ಒಣ ಎಲೆ, ಗುಡಿಸಿ ನೆಲ ಬಿಡಿಸಿದರೆ ಬೆಂಕಿಗೆ ಮೇವಿಲ್ಲ. ಇಷ್ಟು ಗೊತ್ತಿರುವ ನಾಲ್ಕು ಜನ ಊರಲ್ಲಿದ್ದರೆ, ಕೊಟ್ಟಿಗೆಗೆ ಹಾಸುವ ದರಕೂ ತೋಟದ ಗೊಬ್ಬರವೂ ಉಳಿದಂತೆ.

ಹುಲ್ಲಿನ ಲಾರಿ ವಿದ್ಯುತ್ ತಂತಿಗೆ ತಾಗಿ ಹೊತ್ತಿಕೊಂಡಾಗ ಬರೀ ನೀರು ಸುರಿದರೆ ಸಾಲದು. ಒಳಗಿನ ಕೆಂಡ ಗಂಟೆಗಟ್ಟಲೆ ಜೀವ ಹಿಡಿದಿರುತ್ತದೆ. ಹುಲ್ಲನ್ನು ಎಳೆದು ಹರಡಿ ನೆನೆಸಬೇಕು. ಹಳೆಯ ಬಾವಿಗೆ ಇಳಿದವನು ತಲೆಸುತ್ತಿ ಬಿದ್ದರೆ ಅವನ ಹಿಂದೆಯೇ ಇನ್ನೊಬ್ಬ ಇಳಿಯಬಾರದು. ಆ ಗಾಳಿಯಲ್ಲಿ ಉಸಿರಾಡಲು ಆಗದು. ಅರಬೈಲ್ ಘಾಟಿಯಲ್ಲಿ ಅಡುಗೆ ಅನಿಲದ ಟ್ಯಾಂಕರ್ ಮಗುಚಿದರೆ ತಗ್ಗಿನತ್ತ ಓಡಬಾರದು. ಈ ಅನಿಲ ಗಾಳಿಗಿಂತ ಭಾರ, ಇಳಿಜಾರಿಗೆ ಹರಿದು ಕಣಿವೆಯಲ್ಲಿ ನಿಲ್ಲುತ್ತದೆ. ಗಾಳಿ ಬೀಸುವ ದಿಕ್ಕಿನ ವಿರುದ್ಧ, ಎತ್ತರಕ್ಕೆ ದೂರ ಸರಿಯಬೇಕು.

2021ರ ಜುಲೈನಲ್ಲಿ ಯಲ್ಲಾಪುರದ ಕಳಚೆಯಲ್ಲಿ ಗುಡ್ಡ ಕುಸಿಯಿತು, ಗುಳ್ಳಾಪುರದ ಸೇತುವೆ ಗಂಗಾವಳಿ ನದಿಯ ಪಾಲಾಯಿತು, ಅರಬೈಲ್ ಘಾಟಿಯಲ್ಲೂ ರಸ್ತೆ ಕುಸಿಯಿತು. ರಸ್ತೆಯೇ ಇಲ್ಲದ ಮೇಲೆ ಯಾವ ಇಲಾಖೆಯ ಗಾಡಿಯೂ ತಕ್ಷಣ ತಲುಪಲಾರದು. ಅಲ್ಲಿ ಮೊದಲ ರಕ್ಷಕ ಪಕ್ಕದ ಮನೆಯವನೇ.

ಅಧಿಕಾರ ಬಂದಾಗ ನಾನು ಸಮಯ ಹಾಕಿದ್ದು ಆ ಪಕ್ಕದ ಮನೆಯವನನ್ನು ತಯಾರು ಮಾಡಲಿಕ್ಕೇ. 1944ರ ಏಪ್ರಿಲ್ 14ರಂದು ಮುಂಬಯಿ ಬಂದರಿನ ಸ್ಫೋಟದಲ್ಲಿ ಮಡಿದ ಅಗ್ನಿಶಾಮಕರ ನೆನಪಿಗೆ ಪ್ರತಿವರ್ಷ ಆ ದಿನದಿಂದ ಅಗ್ನಿಶಾಮಕ ಸಪ್ತಾಹ ನಡೆಯುತ್ತದೆ. ಆ ವಾರ ನಾವು ಶಾಲೆ, ಸೊಸೈಟಿಗಳ ಅಂಗಳಕ್ಕೆ ಹೋಗಿ ಕಲಿಸುತ್ತಿದ್ದೆವು. ಕೊಟ್ಟಿಗೆಗೆ ಬೆಂಕಿ ಬಿದ್ದರೆ ಮೊದಲು ದನಗಳ ಹಗ್ಗ ಕತ್ತರಿಸಿ, ಮೇನ್ ಸ್ವಿಚ್ ಆರಿಸಿ. 112ಕ್ಕೆ ಕರೆ ಮಾಡಿದಾಗ ‘ಭಟ್ಟರ ಮನೆ’ ಎಂದರೆ ನಮಗೆ ತಿಳಿಯದು. ಊರು, ಕ್ರಾಸ್, ಹತ್ತಿರದ ದೇವಸ್ಥಾನ ಹೇಳಿ. ಒಬ್ಬರು ಟಾರ್ಚ್ ಹಿಡಿದು ತಿರುವಿನಲ್ಲಿ ನಿಲ್ಲಿ.

ಇಲಾಖೆಗೆ ಹೊಸದಾಗಿ ಸೇರುವ ಹುಡುಗರಿಗೆ ನನ್ನ ಮಾತು ಇಷ್ಟೆ: ಠಾಣೆಯಲ್ಲಿ ಕರೆ ಇಲ್ಲದ ದಿನ ಊರೂರಿಗೆ ಹೋಗಿ. ಒಂದೊಂದು ಊರಿನಲ್ಲಿ ನಾಲ್ಕು ಜನರನ್ನು ತಯಾರು ಮಾಡಿದರೆ, ನೀವು ದಾರಿಯಲ್ಲಿರುವಾಗಲೇ ನಿಮ್ಮ ಕೆಲಸ ಅಲ್ಲಿ ಶುರುವಾಗಿರುತ್ತದೆ.