ಹಳೆಯ ಗಾಯ, ತಡವಾದ ದೂರು: ವೈದ್ಯಕೀಯ ನಿರ್ಲಕ್ಷ್ಯದ ವ್ಯಾಜ್ಯಕ್ಕೆ ಹೊರಡುವ ಮುನ್ನ

ಮಣಿಕಟ್ಟಿನಲ್ಲಿ, ಹೆಬ್ಬೆರಳಿನ ಬುಡಕ್ಕೆ ಸಮೀಪವಾಗಿ, ಗೋಡಂಬಿಯ ಆಕಾರದ ಒಂದು ಸಣ್ಣ ಮೂಳೆಯುಂಟು. ವೈದ್ಯರು ಅದನ್ನು ಸ್ಕ್ಯಾಫಾಯ್ಡ್ ಎಂದು ಕರೆಯುತ್ತಾರೆ. ಬೈಕಿನಿಂದ ಜಾರಿ ಅಂಗೈಯೂರಿ ಬಿದ್ದವರಲ್ಲಿ ಈ ಮೂಳೆ ಬಿರುಕುಬಿಟ್ಟರೆ, ಆ ಬಿರುಕು ಮೊದಲ ದಿನದ ಎಕ್ಸ್‌ರೇಯಲ್ಲಿ ಕೆಲವು ವೇಳೆ ಕಾಣಿಸುವುದೇ ಇಲ್ಲ. ಆದುದರಿಂದಲೇ, ಆ ಸ್ಥಳವನ್ನು ಒತ್ತಿದಾಗ ನೋವಿದ್ದರೆ ಮುರಿತವಿದೆಯೆಂದೇ ಭಾವಿಸಿ ಕಟ್ಟುಹಾಕಿ, ಹತ್ತು ಹದಿನಾಲ್ಕು ದಿನಗಳ ಬಳಿಕ ಮತ್ತೊಮ್ಮೆ ಚಿತ್ರ ತೆಗೆಸಿ ನೋಡಬೇಕೆಂಬುದು ಮೂಳೆವೈದ್ಯದಲ್ಲಿ ಬಹುಕಾಲದಿಂದ ನಡೆದುಬಂದ ಕ್ರಮ. ಈ ಕ್ರಮವನ್ನು ಬಿಟ್ಟು, ಬರೀ ಉಳುಕೆಂದು ಮುಲಾಮು ಕೊಟ್ಟು ಕಳುಹಿಸಿದಲ್ಲಿ, ಸ್ವಭಾವತಃ ರಕ್ತಸಂಚಾರ ಅಲ್ಪವಾಗಿರುವ ಆ ಮೂಳೆ ಕೂಡಿಕೊಳ್ಳದೆ ಉಳಿದು, ಕೆಲವು ವರ್ಷಗಳ ತರುವಾಯ ಕೀಲು ಸವೆದು, ತುಂಬಿದ ಕೊಡವನ್ನೆತ್ತಲಾರದ ಸ್ಥಿತಿ ಬಂದಾಗ, ಬೇರೊಬ್ಬ ವೈದ್ಯರು ಹೊಸ ಚಿತ್ರವನ್ನು ಬೆಳಕಿಗೆ ಹಿಡಿದು, ಇದು ಹಳೆಯ ಮುರಿತ, ಆಗಲೇ ನೋಡಬೇಕಾಗಿತ್ತು ಎನ್ನುತ್ತಾರೆ. ಇಷ್ಟು ಕಾಲ ಕಳೆದ ಮೇಲೆ ನ್ಯಾಯ ಕೇಳುವ ಹಕ್ಕು ಉಳಿದಿದೆಯೆ ಎಂಬ ಪ್ರಶ್ನೆ ರೋಗಿಯಲ್ಲಿ ಹುಟ್ಟುವುದು ಆಗಲೇ.

ಉಳಿದಿರಬಹುದು, ಆದರೆ ಅದು ಅಪರಾಧ ಎಷ್ಟು ದೊಡ್ಡದು ಎಂಬುದಕ್ಕಿಂತ ಹೆಚ್ಚಾಗಿ ದಿನಾಂಕವನ್ನು ಅವಲಂಬಿಸಿದೆ. 2020ರ ಜುಲೈ 20ರಂದು ಜಾರಿಗೆ ಬಂದ 2019ರ ಗ್ರಾಹಕ ಸಂರಕ್ಷಣಾ ಕಾಯಿದೆಯ 69ನೆಯ ಪ್ರಕರಣದಂತೆ, ವ್ಯಾಜ್ಯಕಾರಣ ಉಂಟಾದಂದಿನಿಂದ ಎರಡು ವರ್ಷಗಳೊಳಗೆ ದೂರನ್ನು ಸಲ್ಲಿಸತಕ್ಕದ್ದು. ತಡವಾದುದಕ್ಕೆ ಸಾಕಷ್ಟು ಕಾರಣವನ್ನು ತೋರಿಸಿದಲ್ಲಿ ಮಾತ್ರ ಗ್ರಾಹಕ ಆಯೋಗವು, ಕಾರಣಗಳನ್ನು ಬರಹದಲ್ಲಿ ನಮೂದಿಸಿ, ವಿಳಂಬವನ್ನು ಮನ್ನಿಸಬಹುದು. ಎದುರುದಾರರು ಆಕ್ಷೇಪಿಸದಿದ್ದರೂ ಕಾಲಮಿತಿಯನ್ನು ಪರಿಶೀಲಿಸುವುದು ತನ್ನದೇ ಹೊಣೆಯೆಂದು ಆಯೋಗಕ್ಕೆ ಸರ್ವೋಚ್ಚ ನ್ಯಾಯಾಲಯ ಹೇಳಿರುವುದರಿಂದ, ಈ ವಿಷಯ ಯಾರ ಕಣ್ಣಿಗೂ ಬೀಳದೆ ಹೋದೀತೆಂಬ ಆಸೆ ವ್ಯರ್ಥ.

ಹಾಗಾದರೆ ವ್ಯಾಜ್ಯಕಾರಣ ಉಂಟಾಗುವುದು ಯಾವ ದಿನ? ಇದಕ್ಕೆ ಉತ್ತರವನ್ನು 2010ರಲ್ಲಿ ಸರ್ವೋಚ್ಚ ನ್ಯಾಯಾಲಯವು, ವಕೀಲರು ಶ್ರೀಖಂಡೆ ಪ್ರಕರಣವೆಂದು ಕರೆಯುವ ತೀರ್ಪಿನಲ್ಲಿ ಕೊಟ್ಟಿದೆ. 1993ರಲ್ಲಿ ಪಿತ್ತಕೋಶದ ಶಸ್ತ್ರಚಿಕಿತ್ಸೆಯಾದ ದಾದಿಯೊಬ್ಬರ ಹೊಟ್ಟೆಯಲ್ಲಿ ಗಾಸ್ ಬಟ್ಟೆಯ ತುಂಡು ಉಳಿದುಬಿಟ್ಟಿದ್ದು, ಅದು 2002ರಲ್ಲಿ ಎರಡನೆಯ ಶಸ್ತ್ರಚಿಕಿತ್ಸೆಯಲ್ಲಿ ಹೊರಬಂದಿತು; ದೂರು ದಾಖಲಾದದ್ದು 2004ರಲ್ಲಿ. ಹಾನಿ ಮೇಲ್ನೋಟಕ್ಕೆ ಸ್ಪಷ್ಟವಾಗಿದ್ದರೆ ನಿರ್ಲಕ್ಷ್ಯ ನಡೆದ ದಿನದಿಂದಲೂ, ಒಳಗೆ ಅಡಗಿದ್ದರೆ ರೋಗಿಯು ಅದನ್ನು ಅರಿತ ದಿನದಿಂದಲೂ, ಅಥವಾ ತಕ್ಕಮಟ್ಟಿನ ಎಚ್ಚರವಿದ್ದಿದ್ದರೆ ಅರಿಯಬಹುದಾಗಿದ್ದ ದಿನದಿಂದಲೂ ಕಾಲವನ್ನು ಎಣಿಸಬೇಕೆಂಬ ಉದಾರವಾದ ತತ್ತ್ವವನ್ನು ನ್ಯಾಯಾಲಯ ಅಲ್ಲಿ ಅಂಗೀಕರಿಸಿತು. ಆದರೆ ಆ ದಾದಿ ಸೋತರು. ಅನುಭವವುಳ್ಳ ದಾದಿಯಾಗಿಯೂ ಒಂಬತ್ತು ವರ್ಷಗಳ ನೋವನ್ನು ನೋವುನಿವಾರಕಗಳಿಂದ ನೂಕುತ್ತ, ಶಸ್ತ್ರವೈದ್ಯರನ್ನು ಕಂಡು ಕಾರಣವನ್ನು ವಿಚಾರಿಸಿದುದಕ್ಕೆ ತಕ್ಕ ಪುರಾವೆಯಿಲ್ಲದೆ ಬಂದದ್ದು ಅವರಿಗೆ ಮುಳುವಾಯಿತು. ಸೈರಣೆಯನ್ನು ಸದ್ಗುಣವೆಂದು ಹೊಗಳುವ ನಮ್ಮ ಮನೆಗಳಲ್ಲಿ, ವಿಶೇಷವಾಗಿ ಹೆಂಗಸರ ನೋವನ್ನು ಇದ್ದದ್ದೇ ಎಂದು ತಳ್ಳಿಹಾಕುವ ಮನೆಗಳಲ್ಲಿ, ಈ ತೀರ್ಪನ್ನು ಒಮ್ಮೆ ಗಟ್ಟಿಯಾಗಿ ಓದಿಹೇಳುವುದು ಒಳ್ಳೆಯದೆಂದು ನನಗೆ ತೋರುತ್ತದೆ.

ಆದುದರಿಂದ ಮೊದಲನೆಯ ಕಾರ್ಯ, ಒಂದು ಹಾಳೆಯ ಮೇಲೆ ಕಾಲಾನುಕ್ರಮವನ್ನು ಬರೆಯುವುದು: ಬಿದ್ದ ದಿನ, ಮೊದಲ ಚಿಕಿತ್ಸೆ, ಮತ್ತೆ ತೋರಿಸಿದ ಪ್ರತಿಯೊಂದು ಸಲ ವೈದ್ಯರು ಹೇಳಿದ್ದೇನು, ನೋವು ಮರುಕಳಿಸಿದ್ದು ಯಾವಾಗ, ನಿಜಸ್ಥಿತಿ ತಿಳಿದುಬಂದದ್ದು ಯಾವ ದಿನ, ಯಾವ ಕಾಗದದಿಂದ. ನಡುವೆ ಮೂಳೆ ಕಟ್ಟುವ ನಾಟಿವೈದ್ಯರಲ್ಲಿಗೆ ಹೋಗಿ ಪಟ್ಟು ಹಾಕಿಸಿಕೊಂಡಿದ್ದರೆ ಅದನ್ನೂ ಮರೆಮಾಚದೆ ಬರೆಯಬೇಕು; ಮುಚ್ಚಿಟ್ಟದ್ದು ಪಾಟೀಸವಾಲಿನಲ್ಲಿ ಹೊರಬಿದ್ದರೆ ಉಳಿದ ನಿಜಗಳ ಮೇಲೂ ಸಂಶಯದ ನೆರಳು ಬೀಳುತ್ತದೆ.

ಎರಡನೆಯದು ದಾಖಲೆಗಳ ಸಂಗ್ರಹ. ಇಲ್ಲಿಯೂ ಕಾಲ ನಮಗೆ ವಿರೋಧಿಯೇ. 2002ರ ವೈದ್ಯಕೀಯ ನೀತಿಸಂಹಿತೆಯ ಪ್ರಕಾರ ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಪ್ರಾರಂಭವಾದಂದಿನಿಂದ ಮೂರು ವರ್ಷ ಕಾಪಾಡಬೇಕು, ರೋಗಿಯಾಗಲಿ ಅವನಿಂದ ಅಧಿಕಾರ ಪಡೆದವನಾಗಲಿ ಕೇಳಿದರೆ 72 ಗಂಟೆಗಳೊಳಗೆ ಒದಗಿಸಬೇಕು. ಬಾಯಿಮಾತಿನಲ್ಲಿ ಕೇಳಿ ಹಿಂದಿರುಗುವುದರಿಂದ ಪ್ರಯೋಜನವಿಲ್ಲ. ಅರ್ಜಿಯನ್ನು ಬರೆದು, ನಕಲಿನ ಮೇಲೆ ಮುದ್ರೆ ಹಾಕಿಸಿಕೊಳ್ಳಬೇಕು, ನಿರಾಕರಿಸಿದರೆ ಸ್ಪೀಡ್ ಪೋಸ್ಟಿನಲ್ಲಿ ಕಳುಹಿಸಿ ರಸೀದಿಯನ್ನು ಇಟ್ಟುಕೊಳ್ಳಬೇಕು. ಡಿಸ್ಚಾರ್ಜ್ ಸಮ್ಮರಿಯೊಂದೇ ಸಾಲದು. ಕೇಸ್ ಶೀಟು, ದಾದಿಯರ ದಿನಚರಿ, ಒಪ್ಪಿಗೆ ಪತ್ರ, ಶಸ್ತ್ರಕ್ರಿಯೆಯ ಟಿಪ್ಪಣಿ, ಚಿತ್ರಗಳ ವರದಿಯಷ್ಟೇ ಅಲ್ಲದೆ ಚಿತ್ರಗಳೂ ಬೇಕು. ಮೂರು ವರ್ಷ ಮೀರಿತು, ಕಡತ ನಾಶವಾಯಿತು ಎಂಬ ಉತ್ತರ ಬಂದರೆ ಅದನ್ನು ಲಿಖಿತವಾಗಿಯೇ ಪಡೆದು, ಬೇರೆ ಕಡೆ ಹುಡುಕಬೇಕು: ವಿಮಾ ಸಂಸ್ಥೆಯ ಕಡತದಲ್ಲಿ, ಕಚೇರಿಗೆ ಕೊಟ್ಟ ರಜೆಯ ಪ್ರಮಾಣಪತ್ರದಲ್ಲಿ, ಔಷಧದಂಗಡಿಯ ಬಿಲ್ಲುಗಳಲ್ಲಿ, ಅಪಘಾತವಾಗಿ ಪೊಲೀಸರಿಗೆ ತಿಳಿಸಿದ್ದ ಪ್ರಕರಣವಾದರೆ ಠಾಣೆಯಲ್ಲಿರುವ ವೂಂಡ್ ಸರ್ಟಿಫಿಕೇಟಿನಲ್ಲಿ. ಸರ್ಕಾರಿ ಆಸ್ಪತ್ರೆಯಾದರೆ ಮಾಹಿತಿ ಹಕ್ಕಿನ ಅರ್ಜಿಯೂ ಉಂಟು. ಮನೆಯ ಅಟ್ಟದ ಮೇಲಿನ ಹಳೆಯ ಎಕ್ಸ್‌ರೇ ಹಾಳೆಯನ್ನು ಗುಜರಿಗೆ ಹಾಕುವ ಮುನ್ನ ಅದರ ಮೂಲೆಯನ್ನು ನೋಡಬೇಕು. ಅಲ್ಲಿ ಅಚ್ಚಾಗಿರುವ ಹೆಸರು, ದಿನಾಂಕ, ಎಡ ಬಲದ ಗುರುತು, ಎಷ್ಟೋ ಪುಟಗಳ ವಾದಕ್ಕಿಂತ ಬೆಲೆಯುಳ್ಳವು.

ಮೂರನೆಯದು, ಮೊದಲಿನ ಆಸ್ಪತ್ರೆಯೊಡನೆ ಸಂಬಂಧವಿಲ್ಲದ ತಜ್ಞರ ಲಿಖಿತ ಅಭಿಪ್ರಾಯ. ತಜ್ಞಸಾಕ್ಷ್ಯ ಎಲ್ಲ ಪ್ರಕರಣಗಳಲ್ಲಿಯೂ ಅನಿವಾರ್ಯವಲ್ಲವೆಂದು 2010ರ ಕಿಶನ್ ರಾವ್ ತೀರ್ಪು ಹೇಳಿದ್ದರೂ, ಹೊಟ್ಟೆಯೊಳಗೆ ಬಟ್ಟೆ ಉಳಿದಂತಹ ಸಂದರ್ಭವನ್ನು ಬಿಟ್ಟರೆ, ಮೂಳೆಯ ವಿಷಯದಲ್ಲಿ ಅದಿಲ್ಲದೆ ಮುಂದುವರಿಯುವುದು ವಿವೇಕವಲ್ಲ. ‘ತಪ್ಪಾಗಿದೆಯೆ?’ ಎಂದು ಕೇಳಿದರೆ ಯಾವ ವೈದ್ಯರೂ ಸಹವೃತ್ತಿಯವರ ವಿರುದ್ಧ ಬರೆದುಕೊಡಲು ಹಿಂಜರಿಯುತ್ತಾರೆ, ಅದು ಸಹಜವೂ ಹೌದು. ಅದರ ಬದಲು, ಆ ಲಕ್ಷಣಗಳಿದ್ದಾಗ ಸಾಮಾನ್ಯ ಕ್ರಮವೇನು, ಆ ಕ್ರಮ ನಡೆದಿದೆಯೆ, ನಡೆದಿದ್ದರೆ ಈ ಹಾನಿ ತಪ್ಪುತ್ತಿತ್ತೆ ಎಂದು ಮೂರು ಪ್ರಶ್ನೆಗಳನ್ನು ಬಿಡಿಯಾಗಿ ಕೇಳಿದರೆ ಉತ್ತರ ದೊರೆಯುವುದು ಸುಲಭ. ವೈದ್ಯನಿಂದ ಕಾನೂನು ಅಪೇಕ್ಷಿಸುವುದು ಅತ್ಯುತ್ತಮ ಕೌಶಲವನ್ನಲ್ಲ, ಆ ವೃತ್ತಿಯ ಸಾಧಾರಣ ನಿಪುಣನಲ್ಲಿರಬೇಕಾದ ಕೌಶಲವನ್ನು. 2005ರ ಜೇಕಬ್ ಮ್ಯಾಥ್ಯೂ ತೀರ್ಪು ಇದನ್ನು ವಿಶದಪಡಿಸಿದೆ. ಚಿಕಿತ್ಸೆ ಫಲಿಸಲಿಲ್ಲವೆಂಬುದೇ ನಿರ್ಲಕ್ಷ್ಯವಾಗುವುದಿಲ್ಲ. ಈ ಹಂತದಲ್ಲಿ ಅಭಿಪ್ರಾಯ ಪ್ರತಿಕೂಲವಾಗಿ ಬಂದರೆ ದೂರನ್ನು ಕೈಬಿಡುವುದೇ ಮೇಲು.

ಎಲ್ಲಿಗೆ ಹೋಗಬೇಕು? ಶುಲ್ಕ ಕೊಟ್ಟ ಚಿಕಿತ್ಸೆಯೆಲ್ಲವೂ ಗ್ರಾಹಕ ಕಾಯಿದೆಯ ವ್ಯಾಪ್ತಿಗೆ ಒಳಪಡುವುದೆಂದು 1995ರ ಶಾಂತಾ ತೀರ್ಪಿನಲ್ಲಿ ನಿರ್ಣಯವಾಗಿದೆ. ವಿಮೆ ಹಣ ಕೊಟ್ಟಿದ್ದರೂ ಹಾಗೆಯೇ, ಇ.ಎಸ್.ಐ. ಆಸ್ಪತ್ರೆಗಳೂ ಒಳಗೇ. ಎಲ್ಲರಿಗೂ ಸಂಪೂರ್ಣ ಉಚಿತವಾಗಿ ನಡೆಯುವ ಆಸ್ಪತ್ರೆ ಮಾತ್ರ ಹೊರಗುಳಿಯುತ್ತದೆ, ಅದಕ್ಕೆ ಸಿವಿಲ್ ದಾವೆಯೇ ಗತಿ. ಆಸ್ಪತ್ರೆಗೆ ಕೊಟ್ಟ ಮೊತ್ತ 50 ಲಕ್ಷ ರೂಪಾಯಿ ಮೀರದಿದ್ದರೆ ಜಿಲ್ಲಾ ಆಯೋಗಕ್ಕೆ ದೂರು ಕೊಡಬೇಕು. 5 ಲಕ್ಷದವರೆಗೆ ಶುಲ್ಕವಿಲ್ಲ. ಹೊಸ ಕಾಯಿದೆಯ ದೊಡ್ಡ ಉಪಕಾರವೆಂದರೆ, ಚಿಕಿತ್ಸೆ ಬೆಂಗಳೂರಿನಲ್ಲಿ ಆಗಿದ್ದರೂ ಬೀದರಿನಲ್ಲಿ ವಾಸಿಸುವವರು ಬೀದರಿನಲ್ಲಿಯೇ ದೂರು ಸಲ್ಲಿಸಬಹುದು. ಎರಡು ವರ್ಷ ಮೀರಿದೆಯೆಂಬ ಅನುಮಾನ ಲವಲೇಶವಿದ್ದರೂ, ವಿಳಂಬ ಮನ್ನಾ ಅರ್ಜಿಯನ್ನು ಪ್ರಮಾಣಪತ್ರದೊಡನೆ ಪ್ರತ್ಯೇಕವಾಗಿ ಸಲ್ಲಿಸಿ, ‘ತಿಳಿಯಲಿಲ್ಲ’ ಎಂಬ ಒಂದೇ ಮಾತಿಗೆ ನಿಲ್ಲದೆ, ಕಳೆದ ಕಾಲಕ್ಕೆಲ್ಲ ದಾಖಲೆಸಹಿತ ಸಮಾಧಾನ ಕೊಡಬೇಕು.

ಸಿವಿಲ್ ದಾವೆಯಲ್ಲಿ ವಿಳಂಬವನ್ನು ಮನ್ನಿಸುವ ಈ ಅವಕಾಶವೇ ಇಲ್ಲ. ಆದರೆ ಮಕ್ಕಳ ಮಟ್ಟಿಗೆ 1963ರ ಕಾಲಮಿತಿ ಕಾಯಿದೆ ದಯೆ ತೋರಿದೆ: ಮೊಳಕೈ ಮುರಿದು ಸೊಟ್ಟಗೆ ಕೂಡಿದ ಮಗುವಿನ ದಾವೆಗೆ ಕಾಲದ ಎಣಿಕೆ ಹದಿನೆಂಟು ತುಂಬಿದಾಗ ಪ್ರಾರಂಭವಾಗುತ್ತದೆ, ಆ ಬಳಿಕ ಸಿಗುವ ಹೆಚ್ಚುವರಿ ಕಾಲ ಹೆಚ್ಚೆಂದರೆ ಮೂರು ವರ್ಷ. ಕರ್ನಾಟಕ ವೈದ್ಯಕೀಯ ಪರಿಷತ್ತಿಗೆ ದೂರು ಕೊಡಬಹುದು. ಅದು ವೈದ್ಯರ ಮೇಲೆ ಶಿಸ್ತಿನ ಕ್ರಮ ಕೈಗೊಂಡೀತೇ ಹೊರತು ಪರಿಹಾರ ಕೊಡಿಸದು. ಪೊಲೀಸ್ ದೂರಿನ ದಾರಿ ಘೋರ ನಿರ್ಲಕ್ಷ್ಯಕ್ಕೆ ಮೀಸಲು; ಹಳೆಯ ಮುರಿತಕ್ಕೆ ಆ ದಾರಿ ಹಿಡಿದವರು ಸಾಮಾನ್ಯವಾಗಿ ಬರಿಗೈಯಲ್ಲಿ ಹಿಂದಿರುಗುತ್ತಾರೆ. ಮಹಿಳೆಯರಿಗೂ ಪರಿಶಿಷ್ಟ ಜಾತಿ ಪಂಗಡದವರಿಗೂ ಅಂಗವೈಕಲ್ಯವುಳ್ಳವರಿಗೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ವಕೀಲರನ್ನು ಉಚಿತವಾಗಿ ಒದಗಿಸುತ್ತದೆ.

ಕಡೆಯದಾಗಿ ಒಂದು ಎಚ್ಚರಿಕೆ. ವಕೀಲರ ನೋಟೀಸು ಕಳುಹಿಸಿ, ಆಸ್ಪತ್ರೆಯ ಉತ್ತರಕ್ಕಾಗಿ, ರಾಜಿಯ ಮಾತಿಗಾಗಿ ತಿಂಗಳುಗಟ್ಟಲೆ ಕಾಯುವವರು ಬಹಳ. ಪತ್ರವ್ಯವಹಾರದಿಂದ ಕಾಲಮಿತಿ ಒಂದು ದಿನವೂ ಹಿಗ್ಗುವುದಿಲ್ಲ. ಅವಧಿ ಮುಗಿಯುವುದರಲ್ಲಿದ್ದರೆ ಕೈಯಲ್ಲಿರುವ ಕಾಗದಗಳೊಡನೆ ದೂರನ್ನು ಮೊದಲು ದಾಖಲು ಮಾಡಿ. ಉಳಿದ ದಾಖಲೆಗಳನ್ನು ಆಯೋಗದ ಅನುಮತಿ ಪಡೆದು ಆಮೇಲೆ ಹಾಜರುಪಡಿಸಬಹುದು.